ಸೆಪ್ಟೆಂಬರಿನ ಟಿಕೆಟ್ ಫೆಬ್ರವರಿಯಲ್ಲೇ

2023ರ ಸೆಪ್ಟೆಂಬರಿನ ಒಂದು ಮಧ್ಯಾಹ್ನ. ಆಸ್ಪತ್ರೆಯ ಟೀ ರೂಮಿನಲ್ಲಿ ಒಂದು ಕೈಲಿ ಚಿತ್ರಾನ್ನದ ಡಬ್ಬಿ, ಇನ್ನೊಂದು ಕೈಲಿ ಫೋನು ಹಿಡಿದು ಕೂತಿದ್ದೆ. ಪರದೆಯ ಮೇಲೆ ಪುಟ್ಟ ಮನುಷ್ಯನೊಬ್ಬ ಗೆರೆಯೊಂದರ ಮೇಲೆ ನಡೆಯುತ್ತಲೇ ಇದ್ದ. ಅವನು ಗೆರೆಯ ತುದಿ ಮುಟ್ಟಿದರೆ ನನ್ನ ಸರದಿ. ಇಪ್ಪತ್ತು ನಿಮಿಷಕ್ಕೆ ಮುಟ್ಟಿದ. ಎರಡು ಸೀಟು ಆರಿಸಿದೆ. ಕಾರ್ಡ್ ನಂಬರ್ ಒತ್ತುತ್ತಿದ್ದ ಹಾಗೇ ಪುಟ ನನ್ನನ್ನು ಹೊರದಬ್ಬಿ ಕ್ಯೂವಿನ ಬಾಲಕ್ಕೆ ಕಳಿಸಿತು. ಮತ್ತೆ ಸರದಿ ಬರುವ ಹೊತ್ತಿಗೆ ಎಲ್ಲ ಖಾಲಿ.

ಆಸ್ಟ್ರೇಲಿಯಾದ್ದೇ ಆದ ಫುಟ್‌ಬಾಲಿನ ಲೀಗು ಎಎಫ್‌ಎಲ್‌ನಲ್ಲಿ ಕಾಲಿಂಗ್‌ವುಡ್ ಮತ್ತು ಗ್ರೇಟರ್ ವೆಸ್ಟರ್ನ್ ಸಿಡ್ನಿ ನಡುವಿನ ಪ್ರಿಲಿಮಿನರಿ ಫೈನಲ್ ಅದು. ನಾವು ಸೆಮಿಫೈನಲ್ ಅನ್ನುತ್ತೇವಲ್ಲ, ಆ ಹಂತ. ಕಾಲಿಂಗ್‌ವುಡ್ ಒಂದೇ ಒಂದು ಅಂಕದಿಂದ ಗೆದ್ದಿತು, 58–57. ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್, ಅಂದರೆ ಎಂಸಿಜಿಯಲ್ಲಿ ಕೂತು ನೋಡಿದವರು 97,665 ಜನ. ನಾನೂ ನನ್ನ ಮಗನೂ ಮನೆಯ ಸೋಫಾದಲ್ಲಿದ್ದೆವು.

ನಾನು ದಾವಣಗೆರೆಯವನು, ಮೆಲ್ಬರ್ನಿನಲ್ಲಿ ನರ್ಸ್. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಮೂರು ಜನ ಕೇಳಿದ್ದರು, 'ಯಾರಿಗೆ ಬ್ಯಾರಕ್ ಮಾಡ್ತೀಯಾ?' ಬೆಂಬಲಿಸುವುದಕ್ಕೆ ಇಲ್ಲಿನವರ ಮಾತು ಅದು. ಉತ್ತರ ಇಲ್ಲದೆ ನಕ್ಕು ತಪ್ಪಿಸಿಕೊಂಡೆ. ಕೊನೆಗೆ ಉತ್ತರ ಕೊಟ್ಟವನು ಮಗ. ಶಾಲೆಯ ಪಕ್ಕದ ಮೈದಾನದಲ್ಲಿ ಮಕ್ಕಳಿಗೆ ಆಡಿಸುವ ಆಸ್ಕಿಕ್‌ಗೆ ಸೇರಿಸಿದ್ದೆ. ಕಪ್ಪು-ಬಿಳಿ ಪಟ್ಟೆಯ ಅಂಗಿಯೇ ಬೇಕೆಂದು ಹಟ ಹಿಡಿದ. ಹಾಗೆ ನಾನೂ ಕಾಲಿಂಗ್‌ವುಡ್ ಆದೆ. ಕ್ರಿಕೆಟ್ ಮೈದಾನದಷ್ಟೇ ದೊಡ್ಡ ಅಂಡಾಕಾರದ ಮೈದಾನ, ತಂಡಕ್ಕೆ 18 ಜನ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಗೋಲು, 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ 1. ಉಳಿದ ನಿಯಮಗಳನ್ನು ನಾನು ಕಲಿತದ್ದು ಗ್ಯಾಲರಿಯಲ್ಲಿ ಅಕ್ಕಪಕ್ಕದವರು ಅಂಪೈರನ್ನು ಬೈಯುವುದನ್ನು ಕೇಳಿಸಿಕೊಂಡು. ಬೈಗುಳವೂ ಒಂದು ಪಠ್ಯವೇ.

ಆ ವರ್ಷ ನಾನು ಮಾಡಿದ ತಪ್ಪು ಸೆಪ್ಟೆಂಬರಿನದಲ್ಲ, ಫೆಬ್ರವರಿಯದು. ಸೀಸನ್ನಿಗೆ ಮುಂಚೆ ಕ್ಲಬ್ಬಿನ ಸದಸ್ಯತ್ವ ಕೊಳ್ಳುವಾಗ ಎಲ್ಲಕ್ಕಿಂತ ಅಗ್ಗದ, ಮೂರು ಪಂದ್ಯಗಳದ್ದನ್ನು ಆರಿಸಿದ್ದೆ. ಶಿಫ್ಟ್ ಕೆಲಸದವನು ಮೂರಕ್ಕಿಂತ ಹೆಚ್ಚು ಎಲ್ಲಿ ಹೋಗುತ್ತೇನೆ ಅನ್ನುವ ಲೆಕ್ಕ. ಸೀಸನ್ನಿನ ಕೊನೆಗೆ ಪ್ರಶಸ್ತಿಗಾಗಿ ಆಡುವ ಫೈನಲ್ಸ್ ಪಂದ್ಯಗಳು ಬಂದಾಗ ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಅನ್ನುವುದು ಆ ಸದಸ್ಯತ್ವದ ದರ್ಜೆಯ ಮೇಲೆಯೇ ತೀರ್ಮಾನವಾಗುತ್ತದೆ ಎಂಬುದನ್ನು ಓದಿರಲಿಲ್ಲ. ದುಬಾರಿ ಸದಸ್ಯತ್ವದವರಿಗೆ ಮೊದಲ ಕಿಟಕಿ, ನಂತರ ಸಾಮಾನ್ಯ ಸದಸ್ಯರು, ಉಳಿದರೆ ಊರಿನ ಜನ. ನಾನು ಹೆಸರಿಗೆ ಸದಸ್ಯ, ಸಾಲಿನಲ್ಲಿ ಊರಿನ ಜನ.

ಆದರೂ ಫೈನಲ್ಸಿನ ಮೊದಲ ವಾರದ ಪಂದ್ಯಕ್ಕೆ ಅದೃಷ್ಟ ಒಲಿದಿತ್ತು. ಸೆಪ್ಟೆಂಬರ್ 7, ಗುರುವಾರ ರಾತ್ರಿ, ಎದುರಾಳಿ ಮೆಲ್ಬರ್ನ್ ತಂಡ. ಶೇನ್ ವಾರ್ನ್ ಸ್ಟ್ಯಾಂಡಿನ ತುತ್ತತುದಿಯಲ್ಲಿ ಎರಡು ಸೀಟು. ಆಟಗಾರರು ಇರುವೆಗಳ ಹಾಗೆ ಕಾಣುತ್ತಿದ್ದರು. ಮೊದಲ ಕ್ವಾರ್ಟರಿನಲ್ಲೇ ಮೆಲ್ಬರ್ನಿನ ಆಂಗಸ್ ಬ್ರೇಷಾ ಚೆಂಡು ಒದೆಯುತ್ತಿದ್ದಾಗ ನಮ್ಮ ಬ್ರೇಡನ್ ಮೇನಾರ್ಡ್ ಅದನ್ನು ತಡೆಯಲು ಮೇಲಕ್ಕೆ ಹಾರಿದ. ಚೆಂಡು ಸಿಗಲಿಲ್ಲ. ಕೆಳಗಿಳಿಯುವಾಗ ಅವನ ಭುಜ ಬ್ರೇಷಾನ ತಲೆಗೆ ಬಡಿಯಿತು. ಬ್ರೇಷಾ ಬಿದ್ದವನು ಏಳಲಿಲ್ಲ, ಸ್ಟ್ರೆಚರ್ ಬಂತು.

ನಾನು ಕೆಲಸ ಮಾಡುವುದು ತಲೆಗೆ ಪೆಟ್ಟಾದವರ ವಾರ್ಡಿನಲ್ಲಿ. ಅಷ್ಟು ಎತ್ತರದಿಂದಲೂ ಅವನ ಕೈಕಾಲು ಬಿದ್ದಿದ್ದ ರೀತಿ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಸುತ್ತಲಿನವರು 'ಚೆಂಡಿಗೇ ಹಾರಿದ್ದು, ಚೆಂಡಿಗೇ ಹಾರಿದ್ದು' ಅಂತ ಕೂಗುತ್ತಿದ್ದರು. ಒಪ್ಪಿಕೊಳ್ಳುತ್ತೇನೆ, ಐದು ನಿಮಿಷದ ನಂತರ ನಾನೂ ಅದನ್ನೇ ಹೇಳುತ್ತಿದ್ದೆ.

ಮರುದಿನದಿಂದ ಟೀ ರೂಮು ಎರಡು ಹೋಳು. ನಮ್ಮ ವಾರ್ಡಿನ ಹಿರಿಯಾಕೆ, ಅರವತ್ತು ದಾಟಿದವರು, ಮೆಲ್ಬರ್ನ್ ತಂಡದ ಕಟ್ಟಾ ಅಭಿಮಾನಿ. ನನಗೆ ಕ್ಯಾಥೆಟರಿನಿಂದ ಹಿಡಿದು ಕಾಫಿ ಯಂತ್ರದವರೆಗೆ ಎಲ್ಲ ಕಲಿಸಿದವರು. 'ಹಾರಿದವನಿಗೆ ಇಳಿಯುವ ಜವಾಬ್ದಾರಿಯೂ ಇರಬೇಕು' ಎಂಬುದು ಅವರ ವಾದ. 'ಗಾಳಿಯಲ್ಲಿರುವವನು ದಿಕ್ಕು ಬದಲಿಸುವುದು ಹೇಗೆ?' ಎಂಬುದು ನನ್ನದು. ಎಎಫ್‌ಎಲ್ ಟ್ರಿಬ್ಯುನಲ್ ಗಂಟೆಗಟ್ಟಲೆ ವಿಚಾರಣೆ ನಡೆಸಿತು, ದೇಹದ ಚಲನೆಯ ತಜ್ಞರ ಸಾಕ್ಷ್ಯವನ್ನೂ ಕೇಳಿತು, ಮೇನಾರ್ಡನನ್ನು ಬಿಟ್ಟಿತು. ಆವತ್ತು ನಾನು ಗೆದ್ದವನ ಹಾಗೆ ಟೀ ರೂಮಿಗೆ ಹೋದೆ. ಆಕೆ ಏನೂ ಅನ್ನದೆ ತಮ್ಮ ಲೋಟ ತೊಳೆದಿಟ್ಟು ಹೋದರು.

2024ರ ಫೆಬ್ರವರಿಯಲ್ಲಿ, ವೈದ್ಯರ ಸಲಹೆಯ ಮೇರೆಗೆ, ಬ್ರೇಷಾ ಆಟಕ್ಕೇ ವಿದಾಯ ಹೇಳಿದ. ಹಾಗೆ ಹಾರುವವರ ಮೇಲೆ ಹೊಣೆ ಹೊರಿಸುವಂತೆ ನಿಯಮವನ್ನೂ ಬಿಗಿ ಮಾಡಿದರು. ಆಕೆಯ ವಾದವೇ ನಿಯಮವಾಯಿತು. ಹೋಗಿ ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ.

ಗೋಲಿನ ವಿವಾದಗಳು ಇದರ ಮುಂದೆ ಮಕ್ಕಳಾಟ, ಆದರೆ ಜಗಳಕ್ಕೆ ಅವೇ ಸಲೀಸು. 2022ರಲ್ಲಿ ಬ್ರಿಸ್ಬೇನಿನ ಗಾಬಾದಲ್ಲಿ ರಿಚ್ಮಂಡಿನ ಟಾಮ್ ಲಿಂಚ್ ಒದ್ದದ್ದು ಕಂಬಕ್ಕಿಂತ ಎತ್ತರದಲ್ಲಿ ಹೋಯಿತು. ಮೈದಾನದಲ್ಲಿ ಗೋಲು ಅಂದದ್ದನ್ನು ವಿಡಿಯೊ ನೋಡಿದವರು ಒಂದಂಕಕ್ಕೆ ಇಳಿಸಿದರು. ರಿಚ್ಮಂಡ್ 2 ಅಂಕದಿಂದ ಸೋತು ಮನೆಗೆ ಹೋಯಿತು. 2023ರ ಆಗಸ್ಟಿನಲ್ಲಿ ಅಡಿಲೇಡಿನ ಬೆನ್ ಕೀಸ್ ಒದ್ದ ಗೋಲನ್ನು ಕಂಬಕ್ಕೆ ತಾಗಿದೆ ಎಂದು ತಳ್ಳಿಹಾಕಿದರು, ವಿಡಿಯೊವನ್ನೂ ನೋಡಲಿಲ್ಲ. ಅಡಿಲೇಡ್ ಸೋತದ್ದು 1 ಅಂಕದಿಂದ, ಕಳೆದುಕೊಂಡದ್ದು ಫೈನಲ್ಸನ್ನೇ. ತಪ್ಪಾಯಿತು ಎಂದು ಎಎಫ್‌ಎಲ್ ಒಪ್ಪಿಕೊಂಡಿತು. ಅಂಕಪಟ್ಟಿ ಮಾತ್ರ ಹಾಗೇ ಉಳಿಯಿತು.

ಮತ್ತೆ ಟಿಕೆಟಿಗೆ ಬರುತ್ತೇನೆ. ಪ್ರಶಸ್ತಿ ತೀರ್ಮಾನವಾಗುವ ಗ್ರ್ಯಾಂಡ್ ಫೈನಲ್ ಸೆಪ್ಟೆಂಬರ್ 30ಕ್ಕೆ, ಕಾಲಿಂಗ್‌ವುಡ್‌ಗೆ ಬ್ರಿಸ್ಬೇನ್ ಎದುರಾಳಿ. ಎಂಸಿಜಿಯಲ್ಲಿ ಸುಮಾರು ಒಂದು ಲಕ್ಷ ಜನಕ್ಕೆ ಜಾಗ, ಕಾಲಿಂಗ್‌ವುಡ್ ಒಂದಕ್ಕೇ ಒಂದು ಲಕ್ಷಕ್ಕೂ ಹೆಚ್ಚು ಸದಸ್ಯರು. ಹಾಗಿದ್ದೂ ಆಡುವ ಎರಡು ತಂಡಗಳ ಸದಸ್ಯರಿಗೆ ಸಿಗುವುದು ಒಟ್ಟು ಆಸನಗಳಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಎಎಫ್‌ಎಲ್ ಸದಸ್ಯರಿಗೆ, ಪ್ರಾಯೋಜಕರಿಗೆ, ಊಟ-ಗೀಟ ಸೇರಿಸಿ ಮಾರುವ ಪ್ಯಾಕೇಜಿಗೆ, ಮತ್ತೆ ಎಂಸಿಸಿಗೆ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿಗೆ. 1838ರ ಕ್ಲಬ್ ಅದು; ಮೈದಾನದ ಆಸನಗಳಲ್ಲಿ ಒಂದು ಪಾಲೇ ಅವರಿಗೆ ಮೀಸಲು. ಅದರ ಸದಸ್ಯತ್ವಕ್ಕೆ ಹುಟ್ಟಿದ ಮಗುವಿನ ಹೆಸರು ಬರೆಸಿ ದಶಕಗಟ್ಟಲೆ ಕಾಯುತ್ತಾರೆ.

ನಮ್ಮ ಹಿರಿಯಾಕೆ ಎಂಸಿಸಿ ಸದಸ್ಯೆ. ಅವರ ತಂಡ ಕಾರ್ಲ್‌ಟನ್ ಎದುರು 2 ಅಂಕದಿಂದ ಸೋತು ಫೈನಲ್ಸಿನಿಂದ ಹೊರಬಿದ್ದು ಎರಡು ವಾರವಾಗಿತ್ತು. ಆದರೂ ಗ್ರ್ಯಾಂಡ್ ಫೈನಲಿಗೆ ನಸುಕಿನಲ್ಲೇ ಎದ್ದು ಗೇಟಿನ ಸಾಲಿಗೆ ನಿಲ್ಲುತ್ತಾರೆ! ನನಗೆ ತಡೆಯಲಾಗಲಿಲ್ಲ. 'ನಿಮ್ಮ ತಂಡವೇ ಇಲ್ಲದ ಪಂದ್ಯಕ್ಕೆ ನಿಮಗೆ ಸೀಟು, ನನ್ನ ಮಗನಿಗೆ ಇಲ್ಲ' ಅಂದುಬಿಟ್ಟೆ. ಆಕೆ ನಕ್ಕರು. 'ತಮ್ಮನ ಹೆಸರನ್ನು ಅಪ್ಪ ಅವನು ಹುಟ್ಟಿದ ವಾರವೇ ಬರೆಸಿದರು. ನನ್ನದನ್ನು ಬರೆಸುವ ಹಾಗೇ ಇರಲಿಲ್ಲ' ಅಂದರು. 1980ರ ದಶಕದವರೆಗೆ ಹೆಂಗಸರಿಗೆ ಅಲ್ಲಿ ಪೂರ್ಣ ಸದಸ್ಯತ್ವವೇ ಇರಲಿಲ್ಲವಂತೆ. ಬಾಗಿಲು ತೆರೆದ ಮೇಲೆ ತಾವೇ ಹೋಗಿ ಅರ್ಜಿ ಹಾಕಿ ಕಾದವರು. ವ್ಯವಸ್ಥೆ ಅನ್ಯಾಯದ್ದು ಅನ್ನುವ ನನ್ನ ಅಭಿಪ್ರಾಯ ಬದಲಾಗಿಲ್ಲ. ಆಕೆಯ ಸೀಟಿನ ಮೇಲಿನ ಹೊಟ್ಟೆಕಿಚ್ಚು ಮಾತ್ರ ಹೋಯಿತು.

ಬೇರೆಯವರು ಮಾರುವ ಟಿಕೆಟಿಗೂ ಕೈಹಾಕಿದೆ. ಮುಖಬೆಲೆಗಿಂತ ಶೇಕಡಾ 10ಕ್ಕೂ ಹೆಚ್ಚು ಬೆಲೆಗೆ ಮಾರುವುದು ವಿಕ್ಟೋರಿಯಾದಲ್ಲಿ ಅಪರಾಧ. ಅದು ಗೊತ್ತಿದ್ದೂ 'ತುರ್ತು, ಕುಟುಂಬದಲ್ಲಿ ಕಾಯಿಲೆ, ಮುಖಬೆಲೆಗೇ ಕೊಡುತ್ತೇನೆ' ಎಂದವನಿಗೆ ಮುಂಗಡ ಕಳಿಸಿದೆ. ಬಂದದ್ದು ಟಿಕೆಟಿನ ಫೋಟೊ, ಟಿಕೆಟಲ್ಲ. ಹೆಂಡತಿಗೆ ಈ ವಿಷಯ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಪಂದ್ಯದ ದಿನ ಮಗನನ್ನು ಕರೆದುಕೊಂಡು ವಿಲಿಯಮ್ಸ್ ಲ್ಯಾಂಡಿಂಗಿನಲ್ಲಿ ರೈಲು ಹತ್ತಿ, ಯಾರಾ ಹೊಳೆಯ ದಂಡೆಯಲ್ಲಿ ನಡೆದು, ಮೈದಾನದ ಹೊರಗಿನ ಯಾರಾ ಪಾರ್ಕಿನಲ್ಲಿ ಮರದ ಕೆಳಗೆ ಜಮಖಾನ ಹಾಸಿ ಕೂತೆ. ಫೋನಿನಲ್ಲಿ ಪಂದ್ಯ. ಗೋಡೆಯ ಆಚೆಯಿಂದ ಮೊದಲು ಘರ್ಜನೆ ಕೇಳುತ್ತಿತ್ತು, ಆಮೇಲೆ ಫೋನಿನಲ್ಲಿ ಗೋಲು ಕಾಣುತ್ತಿತ್ತು. ಮಗ ಸ್ವಲ್ಪ ಹೊತ್ತಿಗೇ ಕಲಿತುಬಿಟ್ಟ: ದೊಡ್ಡ ಸದ್ದಾದರೆ ನಮ್ಮದು, ಸಣ್ಣದಾದರೆ ಬ್ರಿಸ್ಬೇನಿನದು. ಕಣ್ಣು ಮುಚ್ಚಿಕೊಂಡೇ ಅಂಕ ಹೇಳುತ್ತಿದ್ದ. ನಮ್ಮ ಬಾಬಿ ಹಿಲ್ ನಾಲ್ಕು ಗೋಲು ಹೊಡೆದ. ನಾಲ್ಕನ್ನೂ ನಾವು ಮೊದಲು ಕೇಳಿ ಆಮೇಲೆ ನೋಡಿದೆವು. 90–86, ಗೆದ್ದೆವು. ಕೊನೆಯ ಸದ್ದಿಗೆ ಪಾರ್ಕಿನ ಗಿಳಿಗಳೆಲ್ಲ ಎದ್ದವು.

2024ಕ್ಕೆ ಬುದ್ಧಿ ಬಂದು ಫೆಬ್ರವರಿಯಲ್ಲೇ ದರ್ಜೆ ಏರಿಸಿದೆ, ಕಂತಿನ ಮೇಲೆ. ನಿಯಮಗಳನ್ನು ಈ ಸಲ ಪೂರ್ತಿ ಓದಿದೆ. ಸದಸ್ಯತ್ವದ ಬಾರ್‌ಕೋಡ್ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ, ಕಾರ್ಡಿನ ವಿವರಗಳನ್ನು ಮೊದಲೇ ಖಾತೆಗೆ ಸೇರಿಸಿಟ್ಟೆ, ಮಾರಾಟದ ಬೆಳಗಿಗಾಗಿ ಶಿಫ್ಟ್ ಬದಲಾಯಿಸಿಕೊಳ್ಳುವವರನ್ನೂ ಗೊತ್ತು ಮಾಡಿಕೊಂಡೆ. ಅಷ್ಟೆಲ್ಲ ಆದ ಮೇಲೆ ತಂಡ 9ನೇ ಸ್ಥಾನಕ್ಕೆ ಇಳಿಯಿತು. ಆಗ ಫೈನಲ್ಸಿಗೆ ಹೋಗುತ್ತಿದ್ದದ್ದು ಮೊದಲ ಎಂಟು ತಂಡ.

2025ರಲ್ಲಿ ಚೀಟಿ ಕೆಲಸಕ್ಕೆ ಬಂತು. ಪ್ರಿಲಿಮಿನರಿ ಫೈನಲಿಗೆ ಸದಸ್ಯರ ಕಿಟಕಿ ತೆರೆದ ಹನ್ನೊಂದನೇ ನಿಮಿಷಕ್ಕೆ ಎರಡು ಸೀಟು, ಕೆಳಗಿನ ಅಂತಸ್ತು. ಮತ್ತೆ ಬ್ರಿಸ್ಬೇನ್. 29 ಅಂಕದಿಂದ ಸೋತೆವು. ಕೊನೆಯ ಕ್ವಾರ್ಟರ್ ಮುಗಿಯುವ ಮುಂಚೆಯೇ ನಮ್ಮ ಸಾಲು ಖಾಲಿಯಾಗತೊಡಗಿತು. ಏಳೋಣವಾ ಅಂದೆ. ಮಗ ಮೈದಾನದಿಂದ ಕಣ್ಣು ತೆಗೆಯದೆ ಅಂದ, 'ಬೇಡಪ್ಪಾ. ಈ ಸಲ ಒಳಗಿದ್ದೀವಲ್ಲ.'