ಸಂಬಳ ನಿಂತಾಗ ಮನೆ ನಡೆಸುವುದು

ಕೆಲಸ ಹೋದ ಸುದ್ದಿಯನ್ನು ಮನೆಯವರಿಂದ ಮುಚ್ಚಿಡಬೇಡಿ. ನನ್ನ ಹತ್ತಿರ ಕಷ್ಟ ಹೇಳಿಕೊಳ್ಳುವ ಮಕ್ಕಳಿಗೆ ಮೊದಲು ಹೇಳುವುದು ಇದನ್ನೇ. ನಮ್ಮ ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಗಿರಣಿಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದಾಗ ಬೀದಿ ಬೀದಿಯಲ್ಲೂ ಸಂಬಳ ನಿಂತ ಮನೆಗಳಿದ್ದವು. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೊರಟು, ಸಂಜೆವರೆಗೆ ಎಲ್ಲೋ ಕೂತು ವಾಪಸ್ ಬರುತ್ತಿದ್ದ ಗಂಡಸರನ್ನು ಕಂಡಿದ್ದೇನೆ. ಹೆಂಡತಿಗೆ ಗೊತ್ತಾಗುವ ಹೊತ್ತಿಗೆ ಸಾಲ ಬೆಳೆದಿರುತ್ತಿತ್ತು. ಮೊದಲೇ ಕೂತು ಮಾತಾಡಿದ ಮನೆಗಳು ಬೇಗ ಸುಧಾರಿಸಿಕೊಂಡವು. ಒಬ್ಬರು ಮಂಡಕ್ಕಿ ಭಟ್ಟಿಗೆ ಹೋದರು, ಇನ್ನೊಬ್ಬರು ಮಿರ್ಚಿ ಗಾಡಿ ಇಟ್ಟರು, ಹೆಂಗಸರು ಹಪ್ಪಳ, ಹೊಲಿಗೆ ಅಂತ ಶುರು ಮಾಡಿದರು. ಮಕ್ಕಳಿಗೂ ಹೇಳಿ. ಅವರಿಗೆ ಹೇಗೂ ವಾಸನೆ ಬಡಿದಿರುತ್ತದೆ, ಅಲ್ವಾ?

ಆಮೇಲೆ ಒಂದು ನೋಟ್‌ಬುಕ್ಕು. ಬಾಡಿಗೆ, ಗ್ಯಾಸು, ಹಾಲು, ಔಷಧಿ, ಸ್ಕೂಲ್ ಫೀಸು ಮೊದಲು ಬರೆಯಿರಿ. ಮಿಕ್ಕಿದ್ದೆಲ್ಲ ಕೆಳಗೆ. ಅಂಗಡಿಯಲ್ಲಿ ಉದ್ದರಿ ತಂದರೆ ಅವತ್ತೇ ನಿಮ್ಮ ಪುಸ್ತಕದಲ್ಲೂ ಬರೆದುಕೊಳ್ಳಿ. ಖರ್ಚು ಇಳಿಸಲು ಸಾಲುಗಳನ್ನು ಹೊಡೆದು ಹಾಕುವಾಗ ಒಂದು ಎಚ್ಚರ. ಔಷಧಿಯನ್ನು ದಿನ ಬಿಟ್ಟು ದಿನ ತಗೊಳ್ಳುವುದು ಉಳಿತಾಯ ಅಲ್ಲ. ಬ್ಯಾಂಕಿನ ಸಣ್ಣ ವಿಮೆಗಳನ್ನೂ ನಿಲ್ಲಿಸಬೇಡಿ. ಜೀವನ್ ಜ್ಯೋತಿ ಅನ್ನುವ ಜೀವ ವಿಮೆಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ಅಪಘಾತ ವಿಮೆಗೆ 20 ರೂಪಾಯಿ. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ದುಡ್ಡಿರಲಿ.

ಇನ್ನು ಅಡುಗೆಮನೆ. ಇಲ್ಲಿ ನನಗೆ ಮಾತು ಜಾಸ್ತಿ. ಹುರುಳಿಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಧಾರಾಳವಾಗಿ ಇಟ್ಟು ಬೇಯಿಸಿ ಬಸಿಯಿರಿ. ಒಂದು ಹಿಡಿ ಬೆಂದ ಕಾಳು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಸ್ವಲ್ಪ ಹುಣಸೆಹಣ್ಣು ಸೇರಿಸಿ ರುಬ್ಬಿ, ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಸಲ ಒಲೆ ಹಚ್ಚಿ ಎರಡು ಅಡುಗೆ. ಪಕ್ಕದಲ್ಲಿ ಬಿಸಿ ರಾಗಿ ಮುದ್ದೆ ಇದ್ದರೆ ಯಾರೂ ಬಡವರ ಊಟ ಅನ್ನುವುದಿಲ್ಲ. ಮರುದಿನ ಆ ಸಾರು ಇನ್ನೂ ರುಚಿ. ಸಂಜೆ ಮಕ್ಕಳು ಹಸಿದು ಬಂದರೆ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ. ಪ್ಯಾಕೆಟ್ ತಿಂಡಿ ಯಾರು ಕೇಳುತ್ತಾರೆ? ಮನೆಯಲ್ಲಿ ದುಡ್ಡಿಲ್ಲ ಅಂತ ತಾಯಿ ಊಟ ಬಿಡುವ ಚಾಳಿ ಮಾತ್ರ ನನಗೆ ಸೇರುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಆಗ ಯಾರ ತಟ್ಟೆಯಲ್ಲಿ ಎಷ್ಟಿದೆ ಅಂತ ಎಲ್ಲರಿಗೂ ಕಾಣುತ್ತದೆ.

ರೇಷನ್ ಅಂಗಡಿ ಮುಂದೆ ನಿಲ್ಲೋಕೆ ನಾಚಿಕೆ ಪಡುವವರಿದ್ದಾರೆ. ಯಾಕೆ? ಕಾರ್ಡಿದ್ದರೆ ಅದು ನಿಮ್ಮ ಪಾಲು. ಗೃಹಲಕ್ಷ್ಮಿಯ 2,000 ರೂಪಾಯಿಯೂ ಹಾಗೇ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ 2023ರಿಂದ ಟಿಕೆಟ್ಟಿಗೆ ದುಡ್ಡಿಲ್ಲ, ಕೆಲಸ ಹುಡುಕಲು ಪಕ್ಕದ ಊರಿಗೂ ಹೋಗಿ ಬನ್ನಿ. ಸಾಲ ಬೇಕೇ ಬೇಕು ಅನಿಸಿದರೆ ಮೊಬೈಲಿನಲ್ಲಿ ಐದು ನಿಮಿಷಕ್ಕೆ ಕೊಡುತ್ತೇವೆ ಅನ್ನುವವರ ತಂಟೆ ಬೇಡ. ನಿಮ್ಮ ಫೋನಿನಲ್ಲಿರುವ ನಂಬರುಗಳಿಗೆಲ್ಲ ಕರೆ ಮಾಡಿ ಮಾನ ಕಳೆಯುವವರೂ ಅವರಲ್ಲಿದ್ದಾರೆ. ಅದಕ್ಕಿಂತ ಒಡವೆಯನ್ನು ಬ್ಯಾಂಕಿನಲ್ಲಿ ಅಡ ಇಡಿ. ಒಡವೆ ಇರುವುದೇ ಇಂಥ ದಿನಕ್ಕೆ. ಆದರೆ ಬ್ಯಾಂಕಿನಿಂದ ಬಂದ ಪತ್ರವನ್ನು ಒಡೆಯದೆ ಕಪಾಟಿಗೆ ಸೇರಿಸಬೇಡಿ. ಹರಾಜಿನ ನೋಟಿಸ್ ಆಗಿದ್ದರೆ?

ಕೆಲಸ ಹೋದವರು ಮನೆಯಲ್ಲಿ ಸುಮ್ನೆ ಕೂತರೆ ಖರ್ಚಿಗಿಂತ ದೊಡ್ಡ ತೊಂದರೆ. ಎಂದಿನ ಹೊತ್ತಿಗೇ ಏಳಲಿ, ಸ್ನಾನ ಮಾಡಿ ಒಳ್ಳೆ ಬಟ್ಟೆ ಹಾಕಲಿ. ಅರ್ಜಿ ಹಾಕುವುದು, ನಾಲ್ಕು ಜನಕ್ಕೆ ಫೋನ್ ಮಾಡುವುದು ಬೆಳಗಿನ ಕೆಲಸ. ಸಂಜೆ ಪಕ್ಕದ ಮನೆ ಹುಡುಗರಿಗೆ ಲೆಕ್ಕ ಹೇಳಿಕೊಡಲಿ. ಓದದವರಾದರೆ ಓಣಿಯಲ್ಲಿ ಕೆಟ್ಟ ಮಿಕ್ಸಿ, ನಲ್ಲಿ ರಿಪೇರಿ ಮಾಡಲಿ. ನಾಲ್ಕು ಕಾಸು ಬಂದರೂ ಬಂತು. ಯಾರಿಗೋ ನಾನು ಬೇಕು ಅನ್ನುವ ಧೈರ್ಯವಂತೂ ಅದರಿಂದ ಬರುತ್ತದೆ. ಮನೆಯವರೂ "ಇವತ್ತೇನಾದರೂ ಸಿಕ್ಕಿತಾ?" ಅಂತ ದಿನಾ ಕೇಳಬೇಡಿ.

ನೆಂಟರನ್ನು ಬೇಡ ಅನ್ನಬೇಡಿ, ಹಬ್ಬ ಬಿಡಬೇಡಿ. ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಹಳೇ ಪದ್ಧತಿಯೇ. ಯುಗಾದಿಗೆ ಹೊಸ ಬಟ್ಟೆ ಇಲ್ಲದಿದ್ದರೆ ಇಲ್ಲ. ಪಾವು ಕಡಲೆಬೇಳೆ ಬೇಯಿಸಿ ಮನೆಮಟ್ಟಿಗೆ ಹೋಳಿಗೆ ಮಾಡಿ. ಬೇಳೆ ಬಸಿದ ಕಟ್ಟಿಗೆ ಖಾರ, ಹುಳಿ, ಒಂದು ಚೂರು ಹೂರಣ ಹಾಕಿ ಸಾರು ಕುದಿಸಿ. ಸ್ವಲ್ಪ ಜಾಸ್ತಿಯೇ ಮಾಡಿ, ಪಕ್ಕದ ಮನೆಗೂ ಒಂದು ಬಟ್ಟಲು ಕಳಿಸಬಹುದು.