120ರ ಲೆಕ್ಕ: ಒಂದು ಸ್ಪೀಡ್‌ವೇ ಸೀಸನ್ ನಾನು ಬರೆದಿಟ್ಟ ಬಗೆ

"ಬ್ರೇಕ್ ಎಲ್ಲಮ್ಮಾ ಇದಕ್ಕೆ?" ಅಂದರು ಅಪ್ಪ.

ನನ್ನ ಫೋನಿನಲ್ಲಿ ಒಂದು ಗಾಡಿಯ ಫೋಟೋ ಇತ್ತು. ಜಾವಾ ಗಾಡಿಯೇ, ಆದರೆ ನಾವು ಕಂಡ ಜಾವಾ ಅಲ್ಲ. ಹ್ಯಾಂಡಲಿನ ಎಡಕ್ಕೆ ಕ್ಲಚ್, ಬಲಕ್ಕೆ ಆಕ್ಸಿಲರೇಟರ್, ಅಷ್ಟೇ. ಕಾಲಿನ ಹತ್ತಿರ ಬ್ರೇಕ್ ಪೆಡಲ್ ಇಲ್ಲ, ಗೇರ್ ಲಿವರ್ ಇಲ್ಲ, ಲೈಟಂತೂ ಇಲ್ಲವೇ ಇಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿ ಎರಡು ನಿಮಿಷ ನೋಡಿದರು. ಆಮೇಲೆ ಸ್ಪ್ಯಾನರ್ ಕೆಳಗಿಟ್ಟರು. ಕೆಲಸದ ಮಧ್ಯೆ ಅವರು ಸ್ಪ್ಯಾನರ್ ಕೆಳಗಿಡುವವರಲ್ಲ.

ಚಾಮರಾಜಪೇಟೆಯಲ್ಲಿ ನಮ್ಮದೊಂದು ಚಿಕ್ಕ ಗ್ಯಾರೇಜು. ಅಪ್ಪ ಮೊದಲಿಂದಲೂ ಜಾವಾ, ಯೆಜ್ಡಿ ಗಾಡಿಗಳ ಕೆಲಸವನ್ನೇ ಮಾಡಿಕೊಂಡು ಬಂದವರು. ನಾನು ಬಿಲ್ಲು ಬರೆಯಲು ಕೂತವಳು, ಈಗ ಎಂಜಿನ್ನೂ ಬಿಚ್ಚುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ, ಹಾಗಾಗಿ ನಮಗೆ ಕೆಲಸಕ್ಕೆ ಕೊರತೆ ಇಲ್ಲ. ಅವತ್ತು ನಾನು ಹುಡುಕುತ್ತಿದ್ದದ್ದು ಒಂದು ಹಳೆ ಗಾಡಿಯ ಸ್ಪೇರ್. ಸಿಕ್ಕಿದ್ದು ಸ್ಪೀಡ್‌ವೇ, ಅಂದರೆ ಮೊಟ್ಟೆ ಆಕಾರದ ಮಣ್ಣಿನ ಟ್ರ್ಯಾಕಿನಲ್ಲಿ ಬ್ರೇಕ್ ಇಲ್ಲದ ಗಾಡಿಗಳ ಓಟ.

ಜಾವಾ ಅಂದರೆ ನಮಗೆ ಎರಡು ಸೈಲೆನ್ಸರ್‌ನ ಟೂ ಸ್ಟ್ರೋಕ್ ಗಾಡಿ. ಚೆಕ್ ದೇಶದಲ್ಲಿ ಅದಕ್ಕೆ ಇನ್ನೊಂದು ಮುಖ ಇದೆ. ದಿವಿಶೋವ್ ಅನ್ನುವ ಊರಿನಲ್ಲಿ ಎಸೋ ಹೆಸರಿನ ಕಂಪನಿ ರೇಸ್ ಗಾಡಿ ಮಾಡುತ್ತಿತ್ತು. 1960ರ ದಶಕದಲ್ಲಿ ಅದು ಜಾವಾಕ್ಕೆ ಸೇರಿತು. ಅಲ್ಲಿಂದ ಬಂದದ್ದು 500 ಸಿಸಿ, ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್, ಪೆಟ್ರೋಲ್ ಬದಲು ಮೆಥನಾಲ್ ಕುಡಿಯುವ ಗಾಡಿ. ಓಟ ನಡೆಯುವಾಗ ಒಂದೇ ಗೇರು. ಹಳೆಯ ಕಾಲದಲ್ಲಿ ಎಂಜಿನ್ನಿಗೆ ಹಾಕುತ್ತಿದ್ದದ್ದು ಹರಳೆಣ್ಣೆಯಿಂದ ಮಾಡಿದ ಆಯಿಲ್ ಅಂತ ಓದಿ ಹೇಳಿದಾಗ ಅಪ್ಪನ ಮುಖ ಅರಳಿತು. ಈಗ ಹೆಚ್ಚಿನವರು ಓಡಿಸುವುದು ಇಟಲಿಯ ಜಿಎಂ ಎಂಜಿನ್. ಆದರೂ ನಮ್ಮ ಮನೆಯಲ್ಲಿ ಈ ಆಟ ಶುರುವಾದದ್ದು ಜಾವಾ ಹೆಸರಿನಿಂದ.

ಅದು 2022. ಆ ವರ್ಷ ಸ್ಪೀಡ್‌ವೇಯ 21 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ಗೆ ಎಸ್‌ಜಿಪಿ2 ಅಂತ ಹೊಸ ಹೆಸರು ಬಂದಿತ್ತು. ಮೂರು ಸುತ್ತು. ಮೊದಲನೆಯದು ಪ್ರಾಗ್, ಎರಡನೆಯದು ಕಾರ್ಡಿಫ್, ಮೂರನೆಯದು ಪೋಲೆಂಡಿನ ತೊರುನ್. ಜಾವಾ ಹುಟ್ಟಿದ ಊರಲ್ಲೇ ಶುರು ಅಂದರೆ ಬಿಡುವುದು ಹೇಗೆ? ಇಡೀ ಸೀಸನ್ ನೋಡೋಣ ಅಂದೆ. ಸುಮ್ನೆ ನೋಡಿದರೆ ಏನೂ ಉಳಿಯುವುದಿಲ್ಲ, ಒಂದು ಹೀಟ್, ಅಂದರೆ ನಾಲ್ವರ ಒಂದು ಓಟ, ಮುಗಿಯುವುದೇ ಸುಮಾರು ಒಂದು ನಿಮಿಷದಲ್ಲಿ. ಅದಕ್ಕೆ ಬರೆದಿಡಲು ನಿರ್ಧಾರ ಮಾಡಿದೆ. ಯುರೋಪಿನ ಸ್ಟೇಡಿಯಂಗಳಲ್ಲಿ ಜನ ಪ್ರೋಗ್ರಾಂ ಪುಸ್ತಕ ಕೊಂಡು, ಪೆನ್ನು ಹಿಡಿದು, ಪ್ರತಿ ಹೀಟಿನ ಫಲಿತಾಂಶ ತಾವೇ ತುಂಬುತ್ತಾರೆ. ಅದನ್ನೇ ನಾನು ನಮ್ಮ ಗ್ಯಾರೇಜಿನ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಮಾಡಿದೆ.

ಹೀಗೆ ಅಂಕ ಬರೆಯುವ ಚೀಟಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. 16 ಜನ ಸವಾರರು. ಒಂದು ಹೀಟಿಗೆ ನಾಲ್ವರು, ಟ್ರ್ಯಾಕಿಗೆ ನಾಲ್ಕು ಸುತ್ತು. ಗೆದ್ದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಒಟ್ಟು 20 ಹೀಟ್. ಪ್ರತಿಯೊಬ್ಬನೂ ಐದು ಸಲ ಓಡುತ್ತಾನೆ. ಒಂದೊಂದು ಸಲವೂ ಎದುರಿಗೆ ಮೂವರು, ಐದು ಸಲಕ್ಕೆ ಹದಿನೈದು. ಅಂದರೆ ಉಳಿದ 15 ಜನರಲ್ಲಿ ಪ್ರತಿಯೊಬ್ಬನನ್ನೂ ಅವನು ಸರಿಯಾಗಿ ಒಂದೇ ಒಂದು ಸಲ ಎದುರಿಸುತ್ತಾನೆ. ಯಾರಿಗೂ ಸುಲಭದ ಗುಂಪು ಇಲ್ಲ, ಯಾರಿಗೂ ಕಷ್ಟದ ಗುಂಪು ಇಲ್ಲ. ಇದನ್ನು ಮೊದಲ ಸಲ ಕಾಗದದ ಮೇಲೆ ಗೆರೆ ಎಳೆದು ನೋಡಿದಾಗ ನನಗೆ ರಂಗೋಲಿಯ ಚುಕ್ಕಿ ಲೆಕ್ಕ ಕೂಡಿಬಂದ ಹಾಗೆ ಅನಿಸಿತು. ಆ ವರ್ಷ 20 ಹೀಟ್ ಮುಗಿದ ಮೇಲೆ ಮೇಲಿನವರಿಗೆ ಸೆಮಿಫೈನಲ್ ಇತ್ತು, ಆಮೇಲೆ ನಾಲ್ವರ ಫೈನಲ್.

ಇನ್ನೊಂದು ವಿಷಯ. ಒಂದು ಹೀಟಿನಲ್ಲಿ 3, 2, 1 ಸೇರಿದರೆ 6. 20 ಹೀಟಿಗೆ 120. ರಾತ್ರಿಯ ಕೊನೆಗೆ ಎಲ್ಲರ ಅಂಕ ಕೂಡಿದರೆ 120 ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ ಅಂತ, ಇಲ್ಲವೇ ಯಾವುದೋ ಹೀಟಿನಲ್ಲಿ ಕೊನೆ ಮುಟ್ಟಿದವರು ಮೂವರಿಗಿಂತ ಕಡಿಮೆ ಅಂತ.

ಪ್ರಾಗ್ ಸುತ್ತು ಮೇ ತಿಂಗಳಲ್ಲಿ. ಅಲ್ಲಿ ಸಂಜೆ 7 ಅಂದರೆ ನಮಗೆ ರಾತ್ರಿ 10:30. ಊಟ ಮುಗಿಸಿ, ಚಾಪೆ ಹಾಸಿ, ಫೋನನ್ನು ಸ್ಟೀಲ್ ಡಬ್ಬಕ್ಕೆ ಒರಗಿಸಿಟ್ಟು ಕೂತೆವು. ಮೊದಲ ನಾಲ್ಕು ಹೀಟಿನಲ್ಲೇ ನನ್ನ ಚೀಟಿ ಕಲಸಿಹೋಯಿತು. ಕಾರಣ ಹೆಲ್ಮೆಟ್. ನಾಲ್ಕು ಬಣ್ಣ ಇರುತ್ತದೆ: ಕೆಂಪು, ನೀಲಿ, ಬಿಳಿ, ಹಳದಿ. ನೀಲಿ ಅಂದರೆ ಒಬ್ಬ ಸವಾರ ಅಂತ ಮನಸ್ಸಲ್ಲಿ ಇಟ್ಟುಕೊಂಡಿದ್ದೆ. ಅದು ಹಾಗಲ್ಲ, ಬಣ್ಣ ಆ ಹೀಟಿಗೆ ಮಾತ್ರ. ಮುಂದಿನ ಹೀಟಿನಲ್ಲಿ ಅವನೇ ಹಳದಿ ಹಾಕಿಕೊಂಡು ಬಂದಿರಬಹುದು. ಅವತ್ತಿಂದ ಹೆಸರಿನ ಪಕ್ಕದಲ್ಲಿ ಬಣ್ಣದ ಮೊದಲಕ್ಷರ ಬರೆಯಲು ಶುರು ಮಾಡಿದೆ.

ಕೊನೆಗೆ ಕೂಡಿದಾಗ 114 ಬಂತು. ಎರಡು ಸಲ ಕೂಡಿದೆ, 114. ಅಪ್ಪ ಅರೆನಿದ್ದೆಯಲ್ಲಿ ಹೇಳಿದರು, "ಆರು ಕಡಿಮೆ ಅಂದ್ರೆ ಒಂದು ಹೀಟೇ ಬಿಟ್ಟಿದ್ದೀಯ. ಹಾಲು ಕಾಯಿಸೋಕೆ ಎದ್ದಿದ್ದೆ ಅಲ್ವಾ?" ಹೌದು, ಎದ್ದಿದ್ದೆ. ಹದಿಮೂರನೆಯ ಸಾಲು ಖಾಲಿ ಇತ್ತು.

ಬಿದ್ದವರನ್ನು ಬರೆಯುವುದಕ್ಕೆ ನನ್ನದೇ ಗುರುತು ಮಾಡಿಕೊಂಡೆ. ಬಿದ್ದರೆ "ಬಿ", ಗಾಡಿ ಕೆಟ್ಟು ನಿಂತರೆ "ಕೆ", ರೆಫರಿ ಹೊರಗೆ ಹಾಕಿದರೆ "ಹೊ", ಶುರುವಿನಲ್ಲಿ ಟೇಪ್ ಮುಟ್ಟಿದರೆ "ಟೇ". ಈ ಟೇಪ್ ವಿಷಯ ಹೊಸಬರಿಗೆ ವಿಚಿತ್ರ ಅನಿಸುತ್ತದೆ. ಗಾಡಿಗಳ ಮುಂದೆ ಅಡ್ಡಕ್ಕೆ ಟೇಪ್ ಕಟ್ಟಿರುತ್ತಾರೆ. ಅದು ಮೇಲೆ ಹಾರಿದ ತಕ್ಷಣ ಓಟ. ಅದಕ್ಕೂ ಮೊದಲೇ ನುಗ್ಗಿ ಟೇಪ್ ಮುಟ್ಟಿದರೆ ಆ ಹೀಟಿನಿಂದ ಹೊರಗೆ. 17, 18 ವರ್ಷದ ಹುಡುಗ ಆ ಎರಡು ಸೆಕೆಂಡು ಕ್ಲಚ್ ಹಿಡಿದು, ಎಂಜಿನ್ ಕಿರುಚುತ್ತಿರುವಾಗ ಕಣ್ಣು ಮಿಟುಕಿಸದೆ ಕೂತಿರುವುದನ್ನು ನೋಡಿದರೆ ನಮ್ಮ ಬೆರಳೇ ಬಿಗಿಯಾಗುತ್ತದೆ.

ಆ ರಾತ್ರಿ ಅಪ್ಪನಿಗೆ ನಿದ್ದೆ ಬಂದಿರಲಿಕ್ಕಿಲ್ಲ. ಬೆಳಿಗ್ಗೆ ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೊಟ್ಟೆ ಆಕಾರದ ಟ್ರ್ಯಾಕ್ ಬರೆದಿಟ್ಟಿದ್ದರು. ಕೈಯಲ್ಲಿ ನನ್ನ ಅಕ್ಕನ ಮಗನ ಹಳೆ ಆಟದ ಬೈಕು.

"ಬಾ ಇಲ್ಲಿ. ನಿನ್ನೆ ನೋಡ್ತಾ ನೋಡ್ತಾ ಗೊತ್ತಾಯ್ತು. ತಿರುವು ಎಡಕ್ಕೆ, ಹ್ಯಾಂಡಲ್ ಬಲಕ್ಕೆ. ಹಿಂದಿನ ಚಕ್ರ ಹೊರಗೆ ಜಾರ್ತಾ ಇದೆ. ಅದು ಜಾರೋದೇ ಬ್ರೇಕು ಕಣಮ್ಮಾ."

ಆಟದ ಬೈಕನ್ನು ಅಡ್ಡ ಹಿಡಿದು ಸುಣ್ಣದ ಗೆರೆ ಮೇಲೆ ತಳ್ಳಿ ತೋರಿಸಿದರು. ಜಾರುತ್ತಿರುವ ಚಕ್ರ ಮಣ್ಣನ್ನು ಕೆರೆದು ವೇಗ ತಿನ್ನುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಚಕ್ರಕ್ಕೆ ಹಿಡಿತ ಸಿಕ್ಕಿ ಗಾಡಿ ನೆಟ್ಟಗಾಗಿ ಬೇಲಿ ಕಡೆ ಹೋಗುತ್ತದೆ. ಹಾಗಾಗಿ ಹೆದರಿಕೆ ಆದಾಗ ಕೈ ಬಿಡುವ ಹಾಗೇ ಇಲ್ಲ, ಇನ್ನೂ ಸ್ವಲ್ಪ ಕೊಡಬೇಕು. ಎಡಗಾಲು ನೆಲದ ಮೇಲೆ ಜಾರಿಕೊಂಡು ಬರುತ್ತದೆ, ಅದಕ್ಕೇ ಆ ಬೂಟಿನ ಅಡಿಗೆ ಕಬ್ಬಿಣದ ಅಟ್ಟೆ. ಬಲ ಮಣಿಕಟ್ಟಿಗೆ ಒಂದು ದಾರ, ಸವಾರ ಬಿದ್ದರೆ ಅದು ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ. ಅಪ್ಪ ಕೊನೆಗೆ ಕೇಳಿದ್ದು ಇಷ್ಟೇ: "ಇಷ್ಟು ಚಿಕ್ಕ ಹುಡುಗರನ್ನ ಇದರ ಮೇಲೆ ಕೂರಿಸ್ತಾರಲ್ಲ, ಅವರ ಅಮ್ಮಂದಿರು ಹೇಗೆ ನೋಡ್ತಾರೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ ಬಗ್ಗೆ ಓದಿದ್ದೆ. 2009, 2010 ಎರಡೂ ವರ್ಷ ಜೂನಿಯರ್ ವಿಶ್ವ ಚಾಂಪಿಯನ್. 2015ರಲ್ಲಿ ಪೋಲೆಂಡಿನಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು, ಮತ್ತೆ ಎದ್ದು ನಡೆಯಲಾಗಲಿಲ್ಲ. ಅದೇ 2015ರಲ್ಲಿ ಜೂನಿಯರ್ ಪಟ್ಟ ಗೆದ್ದವನು ಬಾರ್ಟೋಶ್ ಜ್ಮಾರ್ಜ್ಲಿಕ್, 2019ರಲ್ಲಿ ಹಿರಿಯರ ವಿಶ್ವ ಚಾಂಪಿಯನ್ ಆದ, ಆಮೇಲೂ ಗೆಲ್ಲುತ್ತಲೇ ಹೋದ. ಈ ಎರಡು ಹೆಸರನ್ನೂ ನನ್ನ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. "ಬಿ" ಅಂತ ಬರೆಯುವಾಗ ಪ್ರತಿ ಸಲವೂ ಕೈ ನಿಲ್ಲುತ್ತದೆ. ಹುಡುಗ ಎದ್ದು ನಿಂತ ಮೇಲೆಯೇ ಬರೆಯುತ್ತೇನೆ.

ಟ್ರ್ಯಾಕ್ ಎಷ್ಟು ದೊಡ್ಡದು ಅಂತ ಕಣ್ಣಿಗೆ ಕಾಣಬೇಕಿತ್ತು. ಕಂಠೀರವದಲ್ಲಿ ಓಡುವವರಿಗೆ ಗೊತ್ತು, ಒಂದು ಸುತ್ತು 400 ಮೀಟರ್. ಪ್ರಾಗ್‌ನ ಮಾರ್ಕೆಟಾ ಸ್ಟೇಡಿಯಂ 353 ಮೀಟರ್. ಕಾರ್ಡಿಫ್ ಇನ್ನೂ ಚಿಕ್ಕದು, 300 ಕೂಡ ಇಲ್ಲ. ಒಂದು ಭಾನುವಾರ ಬೆಳಿಗ್ಗೆ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಹೆಜ್ಜೆ ಅಳೆದು ನಾಲ್ಕು ಕಡೆ ಚಪ್ಪಲಿ, ಬಾಟಲಿ ಇಟ್ಟು ಸುತ್ತು ಹೊಡೆದೆ. ಬರೀ ಕಾಲಲ್ಲಿ ಓಡುವಾಗಲೇ ತಿರುವು ಬೇಗ ಬೇಗ ಬರುತ್ತದೆ. ಇದರೊಳಗೆ ನಾಲ್ಕು ಗಾಡಿ, ಬ್ರೇಕ್ ಇಲ್ಲದೆ. ಅಳೆದ ಮೇಲೆ ನೋಡುವ ಕಣ್ಣೇ ಬೇರೆ ಆಯಿತು.

ಕಾರ್ಡಿಫ್ ಆಗಸ್ಟಿನಲ್ಲಿ. ಅದು ರಗ್ಬಿ ಸ್ಟೇಡಿಯಂ, ಮೈದಾನದ ಮೇಲೆ ಮಣ್ಣು ತಂದು ಸುರಿದು ಟ್ರ್ಯಾಕ್ ಕಟ್ಟಿದ್ದರು. ಹೊಸದಾಗಿ ಹಾಕಿದ ಮಣ್ಣು ಬೇಗ ಹಳ್ಳ ಬೀಳುತ್ತದೆ. ಇಲ್ಲಿ ನನ್ನ ಚೀಟಿಗೆ ಹೊಸ ಕಾಲಂ ಬಂತು: ಗೇಟ್. ಶುರುವಿನ ಗೆರೆಯಲ್ಲಿ ನಾಲ್ಕು ಜಾಗ, ಒಳಗಿನಿಂದ ಹೊರಗೆ 1, 2, 3, 4. ಐದು ಓಟದಲ್ಲಿ ಒಬ್ಬನಿಗೇ ಒಳ್ಳೆಯ ಗೇಟ್ ಸಿಗುತ್ತಾ ಹೋಗದ ಹಾಗೆ ಹಂಚಿರುತ್ತಾರೆ. ನಾನು ಪ್ರತಿ ಗೆಲುವಿನ ಪಕ್ಕ ಗೇಟ್ ನಂಬರ್ ಬರೆದು, ನಾಲ್ಕು ನಾಲ್ಕು ಹೀಟಿಗೆ ಒಂದು ಅಡ್ಡಗೆರೆ ಎಳೆದೆ. ಆಗ ಟ್ರ್ಯಾಕ್ ತಾನೇ ಮಾತಾಡಲು ಶುರು ಮಾಡಿತು. ಚಕ್ರಗಳು ಕೆರೆದ ಮಣ್ಣು ನಿಧಾನಕ್ಕೆ ಹೊರಗಿನ ಬೇಲಿ ಕಡೆ ಹೋಗಿ ಕೂರುತ್ತದೆ. ಒಳಗಿನ ದಾರಿ ನುಣುಪಾಗುತ್ತದೆ, ಹೊರಗೆ ಹಿಡಿತ ಜಾಸ್ತಿ. ಟ್ರ್ಯಾಕ್ಟರ್ ಬಂದು ಮಣ್ಣು ಎಳೆದು ನೀರು ಹಾಕಿದ ಮೇಲೆ ಮತ್ತೆ ಲೆಕ್ಕ ಬದಲು. ಬರೀ ಅಂಕ ಬರೆದಿದ್ದರೆ ಇದು ಯಾವತ್ತೂ ಕಾಣುತ್ತಿರಲಿಲ್ಲ. ಒಬ್ಬ ಹುಡುಗ 2 ಅಂಕ ತಂದ ಅನ್ನುವುದು ಒಂದು ಮಾತು. ಕೆಟ್ಟ ಗೇಟಿನಿಂದ ಹೊರಟು 2 ತಂದ ಅನ್ನುವುದು ಬೇರೆಯೇ ಮಾತು. ನನ್ನ ಪ್ರಕಾರ ಜೂನಿಯರ್‌ಗಳಲ್ಲಿ ಮುಂದೆ ಬರುವವನನ್ನು ಗುರುತಿಸಬೇಕಾದರೆ ನೋಡಬೇಕಾದದ್ದು ಎರಡನೆಯದನ್ನೇ.

ಅಪ್ಪ ಗಮನಿಸುತ್ತಿದ್ದದ್ದು ಬೇರೆ. ಹೀಟ್ ಮುಗಿದು ಕ್ಯಾಮೆರಾ ಪಿಟ್ ಕಡೆ, ಅಂದರೆ ಗಾಡಿ ಸಿದ್ಧ ಮಾಡುವ ಜಾಗದ ಕಡೆ, ಹೋದರೆ ಫೋನ್ ಹತ್ತಿರ ಬಾಗುತ್ತಿದ್ದರು. ಗೇರ್ ಒಂದೇ ಆದ್ದರಿಂದ ಮೆಕ್ಯಾನಿಕ್‌ಗಳು ಹಿಂದಿನ ಸ್ಪ್ರಾಕೆಟ್ ಬದಲಿಸಿ ಗಾಡಿಯನ್ನು ಟ್ರ್ಯಾಕಿಗೆ ಹೊಂದಿಸುತ್ತಾರೆ. ಒಂದು ಹಲ್ಲು ಹೆಚ್ಚು ಕಮ್ಮಿ ಆದರೂ ಶುರುವಿನ ಎಳೆತ ಬದಲಾಗುತ್ತದೆ. "ನೋಡು, ಚೈನ್ ಬಿಚ್ಚಿ ಹಾಕೋಕೆ ಅವನಿಗೆ ಎಷ್ಟು ಹೊತ್ತು ಬೇಕಾಯ್ತು ನೋಡು" ಅಂತ ನನ್ನ ಮೊಣಕೈ ತಿವಿಯುತ್ತಿದ್ದರು. ಸವಾರನ ಹೆಸರು ಅವರಿಗೆ ಇವತ್ತಿಗೂ ನೆನಪಿಲ್ಲ, ಆ ಮೆಕ್ಯಾನಿಕ್‌ನ ಕೈ ನೆನಪಿದೆ.

ಸೀಸನ್ ಕೊನೆಗೆ ತೊರುನ್. ಕೊಪರ್ನಿಕಸ್ ಹುಟ್ಟಿದ ಊರು, ಅಲ್ಲಿನ ಮೋಟೋಅರೆನಾ 2009ರಲ್ಲಿ ಸ್ಪೀಡ್‌ವೇಗಾಗಿಯೇ ಕಟ್ಟಿದ ಸ್ಟೇಡಿಯಂ. ಪೋಲೆಂಡಿನ ಹುಡುಗರು ಯಾಕೆ ಇಷ್ಟು ಚೆನ್ನಾಗಿ ಓಡಿಸುತ್ತಾರೆ ಅಂತ ನಾನು ಹುಡುಕಿ ಓದಿದ್ದೆ. ಅಲ್ಲಿನ ಲೀಗಿನಲ್ಲಿ ಪ್ರತಿ ತಂಡವೂ ಜೂನಿಯರ್ ಸವಾರರನ್ನು ಇಳಿಸಲೇಬೇಕು. ಪಂದ್ಯದ ಎರಡನೆಯ ಹೀಟ್ ಅವರದೇ. ಅಂದರೆ ಹದಿನೇಳರ ಹುಡುಗನಿಗೆ ತುಂಬಿದ ಸ್ಟೇಡಿಯಂ ಮುಂದೆ ಓಡಿಸುವುದು ಪ್ರತಿ ವಾರದ ಅಭ್ಯಾಸ. ಅವಕಾಶ ಕೊಡುವುದನ್ನು ನಿಯಮದಲ್ಲೇ ಬರೆದಿಟ್ಟಿದ್ದಾರೆ. ನಮ್ಮ ಕಡೆ ಗಾಡಿ ಓಡಿಸುವ ಮಕ್ಕಳಿಗೆ ಇಂಥದ್ದೊಂದು ಇದ್ದಿದ್ದರೆ ಅಂತ ಹೊಟ್ಟೆಯಲ್ಲಿ ಸಂಕಟ ಆಯಿತು. ಅಂಥ ಎಷ್ಟೋ ಮಕ್ಕಳು ನಮ್ಮ ಗ್ಯಾರೇಜಿಗೆ ಬರುತ್ತಾರೆ.

ಆ ರಾತ್ರಿ ಎಲ್ಲರ ಐದೈದು ಓಟ ಮುಗಿಯುವಷ್ಟರಲ್ಲಿ ಚೀಟಿಯಲ್ಲಿ ಹೆಸರು, ಬಣ್ಣ, ಗೇಟ್, ಅಂಕ, ಗುರುತು ಎಲ್ಲ ತುಂಬಿತ್ತು. ಜೊತೆಗೆ ಸೀಸನ್ ಲೆಕ್ಕದ ಬೇರೆ ಹಾಳೆ. ಅದು ಹೀಟಿನ ಅಂಕಗಳ ಕೂಡಿಕೆ ಅಲ್ಲ. ಆ ದಿನ ಎಷ್ಟನೆಯವನಾಗಿ ಮುಗಿಸಿದ ಅನ್ನುವುದರ ಮೇಲೆ ಅಂಕ, ಗೆದ್ದವನಿಗೆ 20. ಮೊದಲು ಇವೆರಡನ್ನೂ ಕಲಸಿಕೊಂಡಿದ್ದೆ. ನೀವು ಬರೆಯುವುದಾದರೆ ಎರಡು ಹಾಳೆ ಬೇರೆ ಬೇರೆ ಇಡಿ. ಆ ವರ್ಷದ ಪಟ್ಟ ಪೋಲೆಂಡಿನ ಮಾತೆಉಶ್ ಚೆರ್ನ್ಯಾಕ್‌ಗೆ ಹೋಯಿತು. ಮುಂದಿನ ವರ್ಷ, 2023ರಲ್ಲೂ ಅವನದೇ.

ಚೆರ್ನ್ಯಾಕ್ ಹೆಸರಿನ ಕೆಳಗೆ ಎರಡು ಗೆರೆ ಎಳೆದು ಪುಸ್ತಕ ಮುಚ್ಚುವಾಗ ಅಪ್ಪ ಕೈ ಹಿಡಿದರು. "ಕೂಡಿದ್ಯಾ?"

ಕೂಡಿರಲಿಲ್ಲ. ಇಬ್ಬರೂ ಸೇರಿ ಮೇಲಿಂದ ಕೆಳಗೆ ಕೂಡಿದೆವು, ಅವರು ಬಾಯಲ್ಲಿ, ನಾನು ಪೆನ್ಸಿಲಿನಲ್ಲಿ. ಒಂದು ಹೀಟಿನಲ್ಲಿ ಇಬ್ಬರೇ ಕೊನೆ ಮುಟ್ಟಿದ್ದರು ಅಂತ ನನ್ನ ಗುರುತು ಹೇಳುತ್ತಿತ್ತು, ಅದಕ್ಕೆ ಒಂದು ಅಂಕ ಕಳೆಯಬೇಕು. 119 ಬಂತು. ಅಪ್ಪ ಆ ಸಂಖ್ಯೆಯ ಸುತ್ತ ಒಂದು ವೃತ್ತ ಬರೆದು, ಬಿಲ್ಲಿಗೆ ಹಾಕುವ ಹಾಗೆ ಕೆಳಗೆ ಸಹಿ ಹಾಕಿದರು.