ಸಾಲ ವಸೂಲಿಯವರ ಜೊತೆ ಒಂದೂವರೆ ವರ್ಷ

2022ರ ಜೂನ್ 5ಕ್ಕೆ ನನ್ನ ಸಾಲದ ಕಂತು ಮೊದಲ ಸಲ ಬೌನ್ಸ್ ಆಯಿತು. ಕಂತು 11,240 ರೂಪಾಯಿ, ಖಾತೆಯಲ್ಲಿದ್ದದ್ದು 1,900. ಹೀಗಾಗುತ್ತದೆ ಅಂತ ಒಂದು ವಾರ ಮೊದಲೇ ಗೊತ್ತಿತ್ತು. ಆದರೂ ಬೆಳಿಗ್ಗೆ ಮೆಸೇಜ್ ನೋಡಿದಾಗ ತಿಂಡಿ ಗಂಟಲಲ್ಲಿ ಇಳಿಯಲಿಲ್ಲ.

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಮದುವೆ, ಗೃಹಪ್ರವೇಶ, ನಾಮಕರಣ ಅಂತ ಕೆಲಸ ಚೆನ್ನಾಗೇ ನಡೀತಿತ್ತು. 2019ರಲ್ಲಿ ಡ್ರೋನ್, ಹೊಸ ಕ್ಯಾಮೆರಾ ಅಂತ ಒಂದು ಫೈನಾನ್ಸ್ ಕಂಪನಿಯಿಂದ ಪರ್ಸನಲ್ ಲೋನ್ ತೆಗೆದೆ. ಆಮೇಲೆ ಕೊರೋನಾ. ಎರಡು ಮದುವೆ ಸೀಸನ್ ಹೋಯಿತು. ಅಂಗಡಿ ಬಾಡಿಗೆಯನ್ನು ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದೆ. ಆ ಕಾರ್ಡ್‌ನ ಮಿನಿಮಮ್ ಬಾಕಿ ಕಟ್ಟಲು ಇನ್ನೊಂದು ಕಾರ್ಡ್‌ನಲ್ಲಿ ಕ್ಯಾಶ್ ತೆಗೆದೆ. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆ. ಲೆಕ್ಕ ಬಾರದವನೇನಲ್ಲ ನಾನು. ತಿಂಗಳಿಗೆ ಶೇ. 3.5 ಬಡ್ಡಿ, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಅಂತ ಸ್ಟೇಟ್‌ಮೆಂಟ್‌ನಲ್ಲೇ ಇತ್ತು. 1,42,000 ಬಾಕಿಗೆ ತಿಂಗಳಿಗೆ ಹತ್ತಿರ ಹತ್ತಿರ 5,900 ರೂಪಾಯಿ ಸುಮ್ನೆ ಹೋಗುತ್ತಿತ್ತು. ನಾನು ಆ ಸಾಲನ್ನು ಓದುತ್ತಲೇ ಇರಲಿಲ್ಲ.

ಪರಿಚಯದ ಒಬ್ಬರು ‘ಐಪಿ ಹಾಕಿಬಿಡು, ಎಲ್ಲ ತೊಳೆದು ಹೋಗುತ್ತೆ’ ಅಂದರು. ಐಪಿ ಅಂದರೆ ಕೋರ್ಟಿಗೆ ಕೊಡುವ ದಿವಾಳಿ ಅರ್ಜಿ. ಒಬ್ಬ ವಕೀಲರನ್ನು ಕೇಳಿದೆ. 2016ರ ಹೊಸ ದಿವಾಳಿ ಕಾನೂನಿನಲ್ಲಿ ನನ್ನಂಥ ಸಾಮಾನ್ಯ ಸಾಲಗಾರರ ಭಾಗ ಇನ್ನೂ ಜಾರಿಗೇ ಬಂದಿಲ್ಲ, ಈಗಲೂ 1920ರ ಹಳೇ ಕಾಯ್ದೆಯಲ್ಲೇ ಹೋಗಬೇಕು ಅಂದರು. ಹೋದರೆ ನನ್ನ ಹೆಸರಲ್ಲಿರುವುದೆಲ್ಲ ಕೋರ್ಟ್ ನೇಮಿಸುವ ರಿಸೀವರ್ ಕೈಗೆ. ಅದರಲ್ಲಿ ಅಪ್ಪನ ಮನೆಯ ನನ್ನ ಪಾಲೂ ಬರುತ್ತದೆ. ಆ ಮನೆಯಲ್ಲಿ ಅಮ್ಮ ಇದ್ದಾರೆ. ಅಲ್ಲಿಗೆ ಆ ಮಾತು ಮುಗಿಯಿತು. ಉಳಿದದ್ದು ಮಾತಾಡಿ ಇತ್ಯರ್ಥ ಮಾಡಿಕೊಳ್ಳುವ ದಾರಿ.

ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಜುಲೈನಲ್ಲಿ ರಿಕವರಿಯವರ ಫೋನ್ ಶುರುವಾಯಿತು. ‘ಏನ್ ಸರ್, ತಗೊಳ್ಳುವಾಗ ಚೆನ್ನಾಗಿತ್ತಾ? ಇವತ್ತು ಸಂಜೆಯೊಳಗೆ ಒಂದು 5,000 ಹಾಕಿ, ಒಂದು ತಿಂಗಳು ಫೋನ್ ಬರದ ಹಾಗೆ ನಾನು ನೋಡ್ಕೋತೀನಿ’ ಅಂದ ಒಬ್ಬ. ಹೂಂ ಅಂದೆ. ಹೆಂಡತಿ ಚೀಟಿಗೆ ಇಟ್ಟಿದ್ದ ದುಡ್ಡು ತೆಗೆದು ಹಾಕಿದೆ. ಮೂರನೇ ದಿನ ಬೇರೆ ಹುಡುಗ ಫೋನ್ ಮಾಡಿ ಅದೇ ರಾಗ ಎಳೆದ. ಆ 5,000 ಬಡ್ಡಿಗೂ ದಂಡಕ್ಕೂ ಜಮಾ ಆಗಿತ್ತು, ಅಸಲಿನಲ್ಲಿ ಒಂದು ಪೈಸೆ ಇಳಿದಿರಲಿಲ್ಲ. ಫೋನಿನಲ್ಲಿ ಅವರು ಕೊಟ್ಟ ಮಾತು ಯಾವ ಫೈಲಿನಲ್ಲೂ ಇರುವುದಿಲ್ಲ. ನಾನು ಕೊಟ್ಟ ಮಾತು ಮಾತ್ರ ‘ಇಂಥ ತಾರೀಖಿಗೆ ಕಟ್ಟುತ್ತೇನೆ ಎಂದಿದ್ದಾರೆ’ ಅಂತ ಅವರ ಕಂಪ್ಯೂಟರ್‌ನಲ್ಲಿ ಇರುತ್ತದೆ. ಅವತ್ತಿನಿಂದ ಫೋನಿನಲ್ಲಿ ಹೂಂ ಅನ್ನುವುದನ್ನೇ ಬಿಟ್ಟೆ. ‘ಏನಿದ್ದರೂ ಬರವಣಿಗೆಯಲ್ಲಿ ಕಳಿಸಿ ಸರ್’. ಇಷ್ಟೇ.

ಇನ್ನೊಂದು ಪೆಟ್ಟು. ಎರಡನೇ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲೇ ನನ್ನ ಉಳಿತಾಯ ಖಾತೆಯೂ ಇತ್ತು. ಒಂದು ಮದುವೆ ಆರ್ಡರ್‌ನ ಅಡ್ವಾನ್ಸ್ 11,400 ಬಂದ ದಿನವೇ ಬ್ಯಾಂಕ್ ಅದನ್ನು ಕಾರ್ಡ್ ಬಾಕಿಗೆ ಹಿಡಿದುಕೊಂಡಿತು. ಹಾಗೆ ಮಾಡಬಹುದು ಅಂತ ಕಾರ್ಡ್‌ನ ಷರತ್ತುಗಳಲ್ಲೇ ಇದೆಯಂತೆ. ಓದಿದವರು ಯಾರು? ಮರುದಿನವೇ ಸಾಲವಿಲ್ಲದ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದೆ.

ಬೈಗುಳ ನಾನು ಸಹಿಸಿಕೊಂಡೆ. ಆದರೆ ಒಂದು ರಾತ್ರಿ ಒಂಬತ್ತೂವರೆಗೆ ಭದ್ರಾವತಿಯಿಂದ ಭಾವ ಫೋನ್ ಮಾಡಿದರು. ‘ಯಾರೋ ಫೋನ್ ಮಾಡಿ ನಿನ್ನ ಬಗ್ಗೆ ಏನೇನೋ ಹೇಳ್ತಿದಾನಲ್ಲೋ, ನಿನ್ನಕ್ಕ ಅಳ್ತಾ ಕೂತಿದಾಳೆ’ ಅಂದರು. ಅವರು ಜಾಮೀನುದಾರರೂ ಅಲ್ಲ. ಅವತ್ತು ನಿದ್ದೆ ಬರಲಿಲ್ಲ, ಕೂತು ಓದಿದೆ. 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತ್ತು. ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ. ಸಾಲಗಾರನ ಮನೆಯವರನ್ನು, ಸ್ನೇಹಿತರನ್ನು ಕಾಡುವಂತಿಲ್ಲ. ಏಜೆಂಟ್ ಏನು ಮಾಡಿದರೂ ಹೊಣೆ ಸಾಲ ಕೊಟ್ಟ ಸಂಸ್ಥೆಯದೇ.

ಮಗಳ ಹಳೇ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ತಾರೀಖು, ಸಮಯ, ನಂಬರು, ಹೆಸರು, ಆಡಿದ ಮಾತು ಅಂತ ಬರೆಯತೊಡಗಿದೆ. ಫೋನ್‌ನಲ್ಲಿ ರೆಕಾರ್ಡಿಂಗ್ ಹಾಕಿದೆ. ಹದಿನೇಳು ಕರೆ ಸೇರಿದ ಮೇಲೆ ಆ ಪುಟಗಳ ಫೋಟೋ, ಭಾವನಿಗೆ ಬಂದ ಕರೆಯ ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ ಫೈನಾನ್ಸ್ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿದೆ. ಕೊನೆಗೆ ಒಂದು ಸಾಲು: 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ದೂರು ಕೊಡುತ್ತೇನೆ. ಒಂಬತ್ತನೇ ದಿನಕ್ಕೆ ಭಾವನಿಗೆ ಹೋಗುತ್ತಿದ್ದ ಕರೆ ನಿಂತಿತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ಅಲ್ಲಿಂದ ಮುಂದೆ ನನ್ನ ಜೊತೆ ಮಾತಾಡಿದ್ದು ಏಜೆಂಟ್ ಅಲ್ಲ, ಕಂಪನಿಯದೇ ನೌಕರ. ರಿಯಾಯಿತಿ ಕೊಡುವ ಅಧಿಕಾರ ಇರುವುದು ಅವರಿಗೆ ತಾನೇ?

(2025ರಲ್ಲಿ ನಮ್ಮ ರಾಜ್ಯ ಸರ್ಕಾರ ಕಿರುಸಾಲ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಾಗ, ಅದು ನಿನ್ನಂಥ ಸಾಲಕ್ಕೂ ಬರುತ್ತಾ ಅಂತ ಹಲವರು ನನ್ನನ್ನು ಕೇಳಿದರು. ಅದರಿಂದ ಬ್ಯಾಂಕುಗಳನ್ನೂ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಫೈನಾನ್ಸ್ ಕಂಪನಿಗಳನ್ನೂ ಹೊರಗಿಟ್ಟಿದ್ದಾರೆ. ನನ್ನಂಥ ಪ್ರಕರಣಕ್ಕೆ ಒಂಬುಡ್ಸ್‌ಮನ್ ದಾರಿಯೇ ಗತಿ.)

ಪೊಲೀಸ್ ಬರುತ್ತಾರೆ ಅಂತಲೂ ಹೆದರಿಸಿದ್ದರು. ಕೈಯಲ್ಲಿ ದುಡ್ಡಿಲ್ಲದೆ ಸಾಲ ಕಟ್ಟದಿದ್ದರೆ ಅದು ಸಿವಿಲ್ ವ್ಯಾಜ್ಯ. ಆದರೆ ಚೆಕ್ ಅಥವಾ ಆಟೋ ಡೆಬಿಟ್ ಬೌನ್ಸ್ ಆದರೆ ಅದಕ್ಕೆ ಬೇರೆ ಕಾನೂನಿದೆ, ಕ್ರಿಮಿನಲ್ ಕೇಸ್ ಹಾಕಬಹುದು. ವಾಟ್ಸ್ಆ್ಯಪ್‌ನಲ್ಲಿ ನನಗೆ ಬಂದದ್ದು ವಕೀಲರ ನೋಟಿಸ್, ಕೋರ್ಟಿನದಲ್ಲ. ಅದಕ್ಕೆ ನಾನು ಬೆವರಲಿಲ್ಲ. ಕೋರ್ಟಿನಿಂದ ಏನಾದರೂ ಬಂದರೆ ಮಾತ್ರ ತಪ್ಪದೆ ಹಾಜರಾಗಬೇಕು ಅಂತ ತೀರ್ಮಾನ ಮಾಡಿಕೊಂಡೆ.

ಅಷ್ಟರಲ್ಲಿ ಸ್ಟುಡಿಯೋ ಮುಚ್ಚಿ ಬೇರೆಯವರ ಹತ್ತಿರ ಎಡಿಟಿಂಗ್ ಕೆಲಸಕ್ಕೆ ಸೇರಿದ್ದೆ. ಸಂಬಳ 22,000. ಮನೆ ಖರ್ಚು ಕಳೆದರೆ 6,500 ಉಳಿಯುತ್ತಿತ್ತು. ಡ್ರೋನ್, ಒಂದು ಕ್ಯಾಮೆರಾ ಮಾರಿದ್ದರಿಂದ 1,30,000 ಬಂತು. ಹೆಂಡತಿ ತಾನಾಗಿಯೇ ಸರ ತೆಗೆದುಕೊಟ್ಟಳು, ಅದರಿಂದ 1,10,000. ಯಾರು ಏನೇ ಹೇಳಿದರೂ ನನ್ನ ಚೀಲದಲ್ಲಿದ್ದದ್ದು ಇಷ್ಟು.

ದೊಡ್ಡ ಕಾರ್ಡ್‌ನ ಬಾಕಿ 2023ರ ಮಾರ್ಚ್ ಹೊತ್ತಿಗೆ 2,18,000ಕ್ಕೆ ಏರಿತ್ತು. ನವೆಂಬರ್‌ನಲ್ಲೇ ಬ್ಯಾಂಕಿನವರು 1,75,000ಕ್ಕೆ ಮುಗಿಸೋಣ ಅಂದಿದ್ದರು. ನಾನು ಕಾದೆ. 90 ದಿನ ಕಂತು ನಿಂತರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ, ಮಾರ್ಚ್ 31ಕ್ಕೆ ಅವರು ಲೆಕ್ಕ ಮುಗಿಸಬೇಕು. ಮಾರ್ಚ್ ಮೂರನೇ ವಾರ ಅವರೇ ಫೋನ್ ಮಾಡಿದರು. 1,40,000 ಅಂದರು. ನಾನು ಒಂದೇ ಸಲಕ್ಕೆ 80,000 ಅಂದೆ. ‘ಅದು ಅಸಲಿಗೂ ಆಗಲ್ಲ ಸರ್’ ಅಂದರು. ‘ಇರೋದು ಅಷ್ಟೇ ಸರ್, ಸಂಬಳದ ಚೀಟಿ ಕಳಿಸ್ತೀನಿ ನೋಡಿ’ ಅಂದೆ, ಕಳಿಸಿದೆ. ಎರಡು ದಿನ ಸದ್ದಿಲ್ಲ. ಆ ಎರಡು ದಿನ ನಾನೇ ಫೋನ್ ಮಾಡದೆ ಇದ್ದದ್ದು ಇಡೀ ವ್ಯವಹಾರದಲ್ಲೇ ಕಷ್ಟದ ಕೆಲಸ. ಕೊನೆಗೆ 95,000ಕ್ಕೆ ಒಪ್ಪಿದರು.

ಪತ್ರ ಬರುವ ತನಕ ಒಂದು ರೂಪಾಯಿ ಕಟ್ಟಲಿಲ್ಲ. ಬ್ಯಾಂಕಿನ ಸ್ವಂತ ಇಮೇಲ್‌ನಿಂದ ಬಂತು. ಕಾರ್ಡ್ ನಂಬರ್, ಮೊತ್ತ, ಕೊನೇ ದಿನ ಇದೆಯಾ ಅಂತ ನೋಡಿದೆ. ಇಷ್ಟು ಕಟ್ಟಿದರೆ ಪೂರ್ತಿ ಮತ್ತು ಅಂತಿಮ ಇತ್ಯರ್ಥ ಅನ್ನುವ ಮಾತು ಇದೆಯಾ ಅಂತ ಎರಡು ಸಲ ಓದಿದೆ. ಕಾರ್ಡ್‌ನ ಹಿಂದೆ ಅಚ್ಚಾಗಿದ್ದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿ ಪತ್ರ ನಿಜವೇ ಅಂತ ಕೇಳಿದೆ. ದುಡ್ಡು ಹೋಗಿದ್ದು ನೇರ ಕಾರ್ಡ್ ಖಾತೆಗೆ. ಮಧ್ಯೆ ಒಬ್ಬ ಏಜೆಂಟ್ ತನ್ನ ಫೋನ್‌ಪೇ ನಂಬರ್ ಕೊಟ್ಟಿದ್ದ!

ಸಣ್ಣ ಕಾರ್ಡ್‌ನಲ್ಲಿ ಉಳಿದಿದ್ದ 38,000ವನ್ನು ಪೂರ್ತಿ ಕಟ್ಟಿದೆ. ಅಷ್ಟಕ್ಕಾಗಿ ಸಿಬಿಲ್‌ನಲ್ಲಿ, ಅಂದರೆ ಸಾಲ ಕೊಡುವವರು ನೋಡುವ ದಾಖಲೆಯಲ್ಲಿ, ಇನ್ನೊಂದು ‘ಸೆಟ್ಲ್ಡ್’ (ಪೂರ್ತಿ ಕಟ್ಟದೆ ಕಡಿಮೆಗೆ ಮುಗಿಸಿದ್ದು) ಬೇಡ ಅನ್ನಿಸಿತು.

ಪರ್ಸನಲ್ ಲೋನ್ ಮುಗಿದದ್ದು 2023ರ ಸೆಪ್ಟೆಂಬರ್‌ನ ಲೋಕ ಅದಾಲತ್‌ನಲ್ಲಿ. ಕಂಪನಿ ಕೇಳುತ್ತಿದ್ದದ್ದು 4,05,000. ಲೋಕ ಅದಾಲತ್‌ನಲ್ಲಿ ಒಪ್ಪಲೇಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ, ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು. ಆದರೆ ಒಮ್ಮೆ ಸಹಿ ಹಾಕಿದರೆ ಅದು ಕೋರ್ಟ್ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕಂಪನಿಯ ಹುಡುಗ 2,60,000ಕ್ಕೆ ನಿಂತ. ನಾನು ನೋಟ್‌ಬುಕ್, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಮೇಜಿನ ಮೇಲಿಟ್ಟೆ. ಅಲ್ಲಿ ಕೂತಿದ್ದ ಸಂಧಾನಕಾರರು ಪಾಸ್‌ಬುಕ್ ತಿರುವಿ ಹಾಕಿ, ‘ಇವರ ಹತ್ರ ಇಲ್ಲದ್ದನ್ನು ಬರೆಸಿಕೊಂಡು ನಿಮಗೇನು ಬರುತ್ತೆ?’ ಅಂತ ಆ ಹುಡುಗನನ್ನೇ ಕೇಳಿದರು. ಅವನು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದ. 2,10,000, ಮೂರು ಕಂತು. ಕೊನೇ ಕಂತಿಗೆ ಸ್ವಲ್ಪ ಕಡಿಮೆ ಬಿತ್ತು, ಭಾವ ಕೊಟ್ಟರು. ಬಡ್ಡಿ ಮಾತೆತ್ತಿದರೆ ಬೈತೀನಿ ಅಂದರು.

ಬೆಲೆ ತೆತ್ತಿಲ್ಲ ಅಂತಲ್ಲ. ಎರಡು ಸಾಲದ ಮುಂದೆಯೂ ‘ಸೆಟ್ಲ್ಡ್’ ಅಂತಿದೆ. 2024ರಲ್ಲಿ ಕ್ಯಾಮೆರಾಗೆ ಕಂತಿನ ಸಾಲ ಕೇಳಿದೆ, ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ಇಲ್ಲ ಅಂದರು. ವರ್ಷ ಕಾದು ಸೆಕೆಂಡ್ ಹ್ಯಾಂಡ್ ಒಂದನ್ನು ನಗದು ಕೊಟ್ಟು ತಂದೆ.

ಕಳೆದ ವರ್ಷ ಮತ್ತೊಂದು ಫೋನ್ ಬಂತು. ಹೊಸ ಏಜೆನ್ಸಿ, ಅದೇ ದೊಡ್ಡ ಕಾರ್ಡ್, 1,23,000 ಬಾಕಿ ಅಂತೆ. ಮನ್ನಾ ಆದ ಮೊತ್ತವನ್ನೇ ಯಾರೋ ಬಾಕಿಯ ಪಟ್ಟಿಗೆ ಸೇರಿಸಿದ್ದರು. ಮೊದಲಾಗಿದ್ದರೆ ಕೈ ನಡುಗುತ್ತಿತ್ತು. ‘ಒಂದು ನಿಮಿಷ ಇರಿ ಸರ್’ ಅಂದು ಬೀರುವಿನಿಂದ ಫೈಲ್ ತೆಗೆದೆ. ಇತ್ಯರ್ಥದ ಪತ್ರ, ಕಟ್ಟಿದ ರಸೀದಿ, ಬಾಕಿ ಇಲ್ಲ ಅನ್ನುವ ಪ್ರಮಾಣಪತ್ರ, ಮೂರರ ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು. ಆಮೇಲೆ ಆ ನಂಬರಿನಿಂದ ಏನೂ ಬರಲಿಲ್ಲ.